ಹುಬ್ಬಳ್ಳಿಯಲ್ಲಿ ಗ್ಲುಟನ್ ಇಲ್ಲದ ಊಟ, ಜೊತೆಗೆ ಗೆಳೆತನ

ಸೀಲಿಯಾಕ್ ಕಾಯಿಲೆಯಿದೆ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ), ಹುಬ್ಬಳ್ಳಿಗೆ ಹೊಸಬಳು, ಎಲ್ಲಿ ಉಣ್ಣಲಿ, ಯಾರೊಂದಿಗೆ ಬೆರೆಯಲಿ ಎಂದು ಕೇಳಿದ್ದೀರಿ. ಊಟದ ಮಟ್ಟಿಗೆ ನೀವು ಒಳ್ಳೆಯ ಊರಿಗೇ ಬಂದಿದ್ದೀರಿ. ಇಲ್ಲಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿಯೇ ಮುಖ್ಯ, ಜೋಳದಲ್ಲಿ ಗ್ಲುಟನ್ ಇಲ್ಲ. ಜೊತೆಗೆ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು.

ಆದರೆ ಅದೇ ಹಂಚಿನ ಮೇಲೆ ಚಪಾತಿಯೂ ಬೇಯುತ್ತಿರಬಹುದು, ರೊಟ್ಟಿ ಹರಿಯದಿರಲೆಂದು ಗೋಧಿ ಹಿಟ್ಟು ಬೆರೆಸುವವರೂ ಇದ್ದಾರೆ. ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ ಹೋಗಿ, ರೊಟ್ಟಿ ಬಡಿಯುವ ಅಕ್ಕನನ್ನೇ ಕೇಳಿ. ಗ್ಲುಟನ್ ಎನ್ನಬೇಡಿ, "ಗೋಧಿ, ಮೈದಾ, ರವೆ ಸೋಕಿದರೂ ನನಗೆ ಆಗುವುದಿಲ್ಲರೀ" ಎನ್ನಿ. ಇಂಗಿನ ಬಗ್ಗೆ ತಪ್ಪದೆ ವಿಚಾರಿಸಿ. ಅಂಗಡಿಯ ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಇರುತ್ತದೆ, ಅದು ಸಾರಿನ ಒಗ್ಗರಣೆಯಲ್ಲಿ ಸದ್ದಿಲ್ಲದೆ ಸೇರಿಬಿಡುತ್ತದೆ. ಮಿರ್ಚಿ ಭಜಿ ಕಡಲೆ ಹಿಟ್ಟಿನದಾದರೂ ಪೂರಿ ಕರಿದ ಎಣ್ಣೆಯಲ್ಲಿ ಕರಿದಿದ್ದರೆ ಬೇಡ.

ಗೆಳೆತನವನ್ನು ಹೋಟೆಲಿನಿಂದ ಶುರು ಮಾಡಬೇಡಿ. ನೃಪತುಂಗ ಬೆಟ್ಟದಲ್ಲೋ ಉಣಕಲ್ ಕೆರೆಯ ದಂಡೆಯಲ್ಲೋ ಬೆಳಗಿನ ನಡಿಗೆಗೆ ಹೋಗಿ, ಪರಿಚಯ ತಾನಾಗಿ ಬೆಳೆಯುತ್ತದೆ. ಮೊದಲ ಸಲ ನೀವೇ ಮನೆಗೆ ಕರೆದು ಅವಲಕ್ಕಿ ಮಾಡಿ ಬಡಿಸಿ; ಏನು ತಿನ್ನುತ್ತೀರಿ ಎಂಬುದು ಅವರಿಗೂ ತಿಳಿಯುತ್ತದೆ. ನಿಮ್ಮ ವೈದ್ಯರ ಬಳಿ ಮೊಬೈಲ್ ಸಂಖ್ಯೆ ಕೊಟ್ಟಿಡಿ, ಇದೇ ಕಾಯಿಲೆಯವರು ಬಯಸಿದರೆ ಕರೆ ಮಾಡಲಿ.