ಮಿಲ್ಫರ್ಡ್ ಸೌಂಡ್‌ಗೆ ಒಂದೇ ದಿನ ಸಾಕಾ?

ನ್ಯೂಜಿಲೆಂಡ್‌ನ ಕ್ವೀನ್ಸ್‌ಟೌನ್‌ನಿಂದ ಮಿಲ್ಫರ್ಡ್ ಸೌಂಡ್‌ಗೆ, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಸಮುದ್ರದ ಕವಲಿಗೆ, ಕಾರಲ್ಲಿ ಹೋಗಿ, ಬೋಟ್ ಹತ್ತಿ, ಅದೇ ರಾತ್ರಿ ವಾಪಸ್ ಬರಬಹುದಾ ಅಂತ ಕೇಳಿದ್ದೀರಿ. ಬರಬಹುದು, ಆದರೆ ಹೋಗೋಕೇ ಸುಮಾರು 290 ಕಿ.ಮೀ., ನಾಲ್ಕು ಗಂಟೆ. ಡ್ರೈವ್ ಮಾಡುವವರಿಗೆ ಆ ದಿನ ನೆನಪಿರೋದು ಸೊಂಟನೋವು ಮಾತ್ರ! ಹಿಂದಿನ ರಾತ್ರಿ ದಾರಿಯಲ್ಲೇ ಸಿಗೋ ಟೆ ಅನಾವ್ ಊರಲ್ಲಿ ಉಳಿದುಬಿಡಿ. ಅಲ್ಲಿಂದ ಸುಮಾರು 120 ಕಿ.ಮೀ. ಅಷ್ಟೇ.

ಎರಡು ಗಂಟೆಯ ದಾರಿ ಅಂತಾರೆ, ನೀವು ಮೂರೂವರೆ ಇಟ್ಟುಕೊಳ್ಳಿ. ಮಿರರ್ ಲೇಕ್ಸ್ ಹತ್ತಿರ ಕಾರು ನಿಲ್ಲಿಸದೆ ಇರೋಕಾಗಲ್ಲ. ಹೋಮರ್ ಸುರಂಗದ ಮುಂದೆ ಸಿಗ್ನಲ್‌ಗೆ ಕಾಯುವಾಗ ಕೆಯಾ ಗಿಳಿಗಳು ಬರುತ್ತವೆ. ಹಸಿರು ಮೈ, ಕೊಕ್ಕೆಯಂಥ ಕೊಕ್ಕು. ನಮ್ಮ ಕಾರಿನ ಬಾಗಿಲ ರಬ್ಬರನ್ನು ಹಲಸಿನ ತೊಳೆ ಬಿಡಿಸಿದ ಹಾಗೆ ಎಳೀತಾ ಕೂತಿತ್ತು ಒಂದು. ತಿಂಡಿ ಮಾತ್ರ ಹಾಕಬೇಡಿ.

ಪೆಟ್ರೋಲ್ ಟೆ ಅನಾವ್‌ನಲ್ಲೇ ತುಂಬಿಸಿ. ಆಮೇಲೆ ಮೊಬೈಲ್ ಸಿಗ್ನಲ್ಲೂ ಇಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಚಳಿಗಾಲವಾದರೆ ಹಿಮದಲ್ಲಿ ಜಾರದಿರೋಕೆ ಟೈರ್ ಚೈನ್ ಬೇಕು. ಗಾಡಿ ನಮ್ಮ ಹಾಗೇ ಎಡಗಡೆ ಓಡಿಸೋದು, ಆ ಚಿಂತೆ ಇಲ್ಲ.

ಮಳೆ ಬಂದರೆ ಬೋಟ್ ಕ್ಯಾನ್ಸಲ್ ಮಾಡಬೇಡಿ. ವರ್ಷಕ್ಕೆ 6,000 ಮಿ.ಮೀ.ಗೂ ಮೀರಿ ಸುರಿಯುವ ಜಾಗ ಅದು, ಆಗುಂಬೆ ನೋಡಿದವರಿಗೆ ಹೊಸದೇನಲ್ಲ. ಮಳೆಯಲ್ಲೇ ಬಂಡೆಗಳ ತುಂಬ ನೂರಾರು ಜಲಪಾತ ಹುಟ್ಟೋದು. ಸ್ಟರ್ಲಿಂಗ್ ಫಾಲ್ಸ್ ಕೆಳಗೆ ಬೋಟ್ ಹೋದಾಗ ಹೇಗೂ ನೆನೀತೀರಿ. ಸ್ಯಾಂಡ್‌ಫ್ಲೈ ಅನ್ನೋ ಪುಟ್ಟ ನೊಣದ ಕಡಿತಕ್ಕೆ ಕ್ರೀಮ್ ಮರೀಬೇಡಿ.