‘ಶೇಕಡಾ 1’ ಎಂದರೆ ಎಷ್ಟು?

ಪತ್ರ: ಅರಿವಳಿಕೆ ಔಷಧವಾದ ಹಾಲೊಥೇನಿನ ಆವಿ ಕೊಟ್ಟ ಜೀವಕೋಶಗಳಲ್ಲಿ ದಡಾರದ ವೈರಸ್ ಕಡಿಮೆ ಬೆಳೆಯುತ್ತದೆ, ಆವಿ ತೆಗೆದರೆ ಮತ್ತೆ ಬೆಳೆಯುತ್ತದೆ ಎಂದು ಓದಿದೆ. ಒತ್ತಡ ಅರಿವಳಿಕೆಯನ್ನೇ ಇಳಿಸುವುದಾದರೆ, ಕೋಶಗಳನ್ನು 100 ವಾಯುಮಂಡಲ ಒತ್ತಡದಲ್ಲಿಟ್ಟಾಗ ವೈರಸ್ ಚೇತರಿಸಿಕೊಂಡರೆ, ಅರಿವಳಿಕೆ ಕೆಲಸ ಮಾಡುವುದು ಕೋಶದ ಪೊರೆಯ ಮೇಲೆ ಎಂಬ ಪೊರೆಯ ವಾದ ಗೆದ್ದಂತಲ್ಲವೇ? — ಒಬ್ಬ ಸಂಶೋಧನಾ ವಿದ್ಯಾರ್ಥಿ

ಉತ್ತರ: ಒಳ್ಳೆಯ ಪ್ರಶ್ನೆ. 1950ರಲ್ಲಿ ಜಾನ್ಸನ್ ಮತ್ತು ಫ್ಲಾಗ್ಲರ್ ಮದ್ಯದಲ್ಲಿ ಮಂಪರಾಗಿದ್ದ ಗೊದಮೊಟ್ಟೆಗಳು ಒತ್ತಡ ಏರಿಸಿದಾಗ ಮತ್ತೆ ಈಜಿದ್ದನ್ನು ತೋರಿಸಿದರು. ನಿಮ್ಮ ಆಸೆಗೆ ಆಧಾರವಿದೆ. ಆದರೆ ಪೊರೆಯ ವಾದಕ್ಕೆ ಹೋಗುವ ಮೊದಲು ಅನಿಲದ ಲೆಕ್ಕ ನೋಡಿ.

ಕೋಶಕ್ಕೆ ಶೇಕಡಾ ಗೊತ್ತಿಲ್ಲ, ಆಂಶಿಕ ಒತ್ತಡ (ಮಿಶ್ರಣದಲ್ಲಿ ಆ ಅನಿಲವೊಂದರದೇ ಒತ್ತಡ) ಮಾತ್ರ ಗೊತ್ತು. ಶೇ. 5 ಇಂಗಾಲದ ಡೈಆಕ್ಸೈಡ್ ಇರುವ ಮಿಶ್ರಣವನ್ನೇ 100 ವಾಯುಮಂಡಲಕ್ಕೆ ಒತ್ತಿದರೆ ಆ ಅನಿಲವೊಂದೇ 5 ವಾಯುಮಂಡಲವಾಗುತ್ತದೆ. ಮಾಧ್ಯಮ (ಕೋಶಗಳನ್ನು ಬೆಳೆಸುವ ದ್ರವ) ಹುಳಿಯಾಗಿ, ಅದರಲ್ಲಿರುವ ಹುಳಿ ತೋರಿಸುವ ಬಣ್ಣ ಫೀನಾಲ್ ರೆಡ್ ಹಳದಿಗೆ ತಿರುಗುತ್ತದೆ, ಕೋಶ ಸಾಯುತ್ತದೆ. ಶೇ. 1 ಹಾಲೊಥೇನ್ ಹಾಗೆಯೇ 1 ವಾಯುಮಂಡಲವಾಗಬೇಕು. ಅದರ ಕುದಿಬಿಂದು 50 ಡಿಗ್ರಿ, ಆದ್ದರಿಂದ 37 ಡಿಗ್ರಿಯಲ್ಲಿ ಅಷ್ಟು ಆವಿ ನಿಲ್ಲದೆ ದ್ರವವಾಗಿ ಇಳಿಯುತ್ತದೆ. ಹೀಗಾಗಿ ಮೊದಲು 1 ವಾಯುಮಂಡಲದಲ್ಲೇ ಎಲ್ಲವನ್ನೂ ಹದಮಾಡಿ, ಆಮೇಲೆ ಹೀಲಿಯಂ ಮಾತ್ರ ತುಂಬಿ. ನಿಧಾನವಾಗಿ ತುಂಬಿ, ಒತ್ತಿದ ಅನಿಲ ಬಿಸಿಯಾಗುತ್ತದೆ. ಒಳಗೊಂದು ಪುಟ್ಟ ಫ್ಯಾನ್ ಇರಲಿ, ಇಲ್ಲದಿದ್ದರೆ ಆವಿ ಒಂದು ಮೂಲೆಗೆ ಸರಿಯುತ್ತದೆ. ರಬ್ಬರ್ ಕೊಳವೆ ಹಾಲೊಥೇನನ್ನು ಹೀರುತ್ತದೆ. ಗಾಜು, ಟೆಫ್ಲಾನ್ ಬಳಸಿ. ಡಯಲ್ ತೋರಿಸಿದ್ದನ್ನು ನಂಬದೆ, ಮಾಧ್ಯಮದ ಮಾದರಿಯನ್ನೇ ಗ್ಯಾಸ್ ಕ್ರೊಮಟೋಗ್ರಫಿಗೆ ಹಾಕಿ ಹಾಲೊಥೇನ್ ಎಷ್ಟಿದೆ ಎಂದು ಅಳೆಯಿರಿ.

ಒತ್ತಡ ಇಳಿಸುವಾಗ ಅವಸರ ಬೇಡ. ಕರಗಿದ ಅನಿಲ ಗುಳ್ಳೆಯಾಗಿ ಕೋಶವನ್ನು ಸೀಳುತ್ತದೆ. ಆ ಸಾವನ್ನು ಔಷಧದ ಪರಿಣಾಮವೆಂದು ಬರೆದುಬಿಡುವುದು ಸುಲಭ. ಇನ್ನು ದಡಾರದ ವೈರಸ್ 37 ಡಿಗ್ರಿಯಲ್ಲಿ ಸುಮಾರು 2 ಗಂಟೆಗೆ ತನ್ನ ಸೋಂಕುಶಕ್ತಿಯ ಅರ್ಧ ಕಳೆದುಕೊಳ್ಳುತ್ತದೆ. ಎಲ್ಲ ತಟ್ಟೆಗಳನ್ನೂ ಒಂದೇ ಹೊತ್ತಿಗೆ ತೆಗೆದು ಮಂಜುಗಡ್ಡೆಯ ಮೇಲಿಡಿ; ಪ್ಲಾಕ್ (ಕೋಶಗಳ ಪದರದಲ್ಲಿ ವೈರಸ್ ಮಾಡುವ ಕಲೆ) ಎಣಿಕೆಯನ್ನು ಆವಿ ಸೋಕದ ಹೊಸ ವೀರೋ ಕೋಶಗಳ (ಕೋತಿಯ ಮೂತ್ರಪಿಂಡದಿಂದ ಬಂದ ಕೋಶಗಳ) ಮೇಲೆ ಮಾಡಿ.

ಲೇಖನಗಳಲ್ಲಿ ‘ಶೇ. 1 ಹಾಲೊಥೇನ್’ ಎಂದು ಬರೆದು ಒತ್ತಡ, ತಾಪಮಾನ, ಮಾಧ್ಯಮದಲ್ಲಿನ ಪ್ರಮಾಣ ಯಾವುದನ್ನೂ ಹೇಳದೆ ಬಿಡುವ ರೂಢಿಗೆ ನಮ್ಮ ತೀವ್ರ ಆಕ್ಷೇಪವಿದೆ. ಅಂಥದ್ದನ್ನು ಮತ್ತೊಬ್ಬರು ಮಾಡಿ ನೋಡುವುದಾದರೂ ಹೇಗೆ? ಅದರ ಮೇಲೆ ಪತ್ರಿಕೆಗಳು ‘ಅರಿವಳಿಕೆಯಿಂದ ವೈರಸ್ ನಾಶ’ ಎಂದು ತಲೆಬರಹ ಹಾಕುತ್ತವೆ. ಕುಗ್ಗಿದ್ದು ವೈರಸ್ಸೋ, ಅದನ್ನು ಸಾಕುವ ಕೋಶವೋ ಎಂದು ಕೇಳುವವರಿಲ್ಲ.

ನೀವು ಪೊರೆಯ ವಾದಕ್ಕೆ ಬೇಗ ಹಾರಿದಿರಿ. ನಾಲ್ಕು ತಟ್ಟೆಗಳಿಂದ ಶುರುಮಾಡಿ: ಬರಿಯ ಗಾಳಿ, ಹಾಲೊಥೇನ್, ಹೀಲಿಯಂ ಒತ್ತಡ, ಹಾಲೊಥೇನಿನ ಜೊತೆ ಹೀಲಿಯಂ ಒತ್ತಡ. ಪ್ರತಿಯೊಂದಕ್ಕೂ ಸತ್ತ ಕೋಶಗಳಿಗಷ್ಟೇ ಹಿಡಿಯುವ ಬಣ್ಣ ಟ್ರಿಪಾನ್ ಬ್ಲೂ ಹಾಕಿ ಬದುಕಿರುವ ಕೋಶಗಳನ್ನು ಎಣಿಸಿ, ಪ್ಲಾಕ್ ಸಂಖ್ಯೆಯ ಪಕ್ಕದಲ್ಲೇ ಬರೆದಿಡಿ.