ಕುಣಿದರೆ ಸಿಟ್ಟು ಸುಳ್ಳಾಗುತ್ತಾ, ಮೇಷ್ಟ್ರೇ?

ಕೊಡಗಿನ ಪೊನ್ನಂಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಪ್ರತಿಭಟನೆಯ ಹಾಡು ಮತ್ತು ಅವುಗಳ ವಿಡಿಯೋ ಬಗ್ಗೆ ನಾವು ಹಾಕಿದ್ದ ಲೇಖನ ಅವರಿಗೆ ಹಿಡಿಸಿಲ್ಲ. ‘ಸಿದ್ಧಲಿಂಗಯ್ಯನವರ ಹಾಡಿಗೆ ಒಂದು ತಮಟೆ ಸಾಕಿತ್ತು. ಈಗಿನವರಿಗೆ ದುಬಾರಿ ಕ್ಯಾಮೆರಾ ಬೇಕು, ಮಿಂಚೋ ಬಟ್ಟೆ ಬೇಕು, ಹಿಂದೆ ಕುಣಿಯೋರು ಬೇಕು. ಕೂಲಿಯವರ ಕಷ್ಟಕ್ಕೆ ಬಣ್ಣ ಹಚ್ಚಿ ಮಾರೋದು ಪ್ರತಿಭಟನೆಯಾ? ನನ್ನ ಮೊಮ್ಮಗಳು ದಿನಾ ಎಂಜಾಯ್ ಎಂಜಾಮಿ ಅನ್ನೋ ತಮಿಳು ಹಾಡಿಗೆ ಕುಣೀತಾಳೆ, ಅರ್ಥ ಕೇಳಿದ್ರೆ ಗೊತ್ತಿಲ್ಲ ಅಂತಾಳೆ’ ಅನ್ನೋದು ಅವರ ದೂರು. ನಮ್ಮ ಒಂದು ತಪ್ಪನ್ನೂ ಹಿಡಿದಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರೇ, ನಮಸ್ಕಾರ. ಕುಣಿತದಿಂದಲೇ ಶುರು ಮಾಡೋಣ. ದೇವರಪುರ ನಿಮಗೆ ಹತ್ತಿರ. ಅಲ್ಲಿನ ಕುಂಡೆ ಹಬ್ಬದ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಒಂದು ಮೇ ತಿಂಗಳು ಗೋಣಿಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ತಂಡ ನನ್ನ ಕಾರಿಗೆ ಅಡ್ಡ ಬಂತು. ಮುಂದಿದ್ದ ಹುಡುಗ ನೈಟಿ ಹಾಕಿ, ಲಿಪ್‌ಸ್ಟಿಕ್ ಮೆತ್ತಿಕೊಂಡಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕ್ಯಾನು, ಬಡಿಯಲು ಒಂದು ಕೋಲು. ಕಿಟಕಿಗೆ ಬಗ್ಗಿ ನನ್ನನ್ನು, ನನ್ನ ಅಪ್ಪನನ್ನು, ಕಾರನ್ನು, ಕೊನೆಗೆ ಅಯ್ಯಪ್ಪ ದೇವರನ್ನೂ ಬಿಡದೆ ರಾಗವಾಗಿ ಬೈದ. ಬೇಟೆಗೆ ಕರೆತಂದು, ಭದ್ರಕಾಳಿಯ ಹಿಂದೆ ಹೋಗಿ, ನಮ್ಮನ್ನು ಕಾಡಲ್ಲೇ ಬಿಟ್ಟ ಅನ್ನೋ ಸಿಟ್ಟು ಆ ದೇವರ ಮೇಲೆ. ನಾನು ನಗುತ್ತಾ ಇಪ್ಪತ್ತು ರೂಪಾಯಿ ಕೊಟ್ಟೆ. ವರ್ಷವಿಡೀ ತೋಟದಲ್ಲಿ ಬೈಸಿಕೊಳ್ಳುವ ಜೇನುಕುರುಬರು, ಯರವರು ಆ ಹಬ್ಬದಲ್ಲಿ ಸಾವ್ಕಾರರನ್ನೂ ಬೈಯಬಹುದು. ಆಮೇಲೆ ದೇವರ ಮುಂದೆ ತಪ್ಪಾಯ್ತು ಅಂತ ಕೈಮುಗಿದು, ಮತ್ತೆ ಲೈನ್ ಮನೆ, ಮತ್ತೆ ಕೆಲಸ.

ಆ ಹುಡುಗನ ಸಿಟ್ಟು ನಿಜವಾದದ್ದೇ. ನಾನು ಮಾತ್ರ ಇಪ್ಪತ್ತು ರೂಪಾಯಿಗೆ ಪಾರಾದೆ. ಮ್ಯೂಸಿಕ್ ವಿಡಿಯೋಗಳನ್ನು ನೋಡುವಾಗಲೂ ನಾನು ಹುಡುಕೋದು ಇದನ್ನೇ. ಬೈಸಿಕೊಂಡವರು ಎಷ್ಟಕ್ಕೆ ಪಾರಾದರು?

2015ರಲ್ಲಿ ಚೆನ್ನೈನ ರ‍್ಯಾಪರ್ ಸೋಫಿಯಾ ಅಶ್ರಫ್ ತಮಿಳುನಾಡಿನ ಕೊಡೈಕೆನಾಲ್‌ನ ಪಾದರಸದ ಬಗ್ಗೆ ಒಂದು ರ‍್ಯಾಪ್ ಹಾಡಿದರು. ಅಲ್ಲಿದ್ದ ಯೂನಿಲಿವರ್ ಕಂಪನಿಯ ಥರ್ಮಾಮೀಟರ್ ಕಾರ್ಖಾನೆ 2001ರಲ್ಲೇ ಮುಚ್ಚಿತ್ತು. ವಿಷ ಮಣ್ಣಲ್ಲಿ ಉಳಿದಿತ್ತು. ರಾಗ ನಿಕಿ ಮಿನಾಜ್‌ಳ ಹಿಟ್ ಹಾಡಿನದು. ನೀವು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತೀರಿ, ಬಿಡಿ. ಆದರೆ ಹಾಡಲ್ಲಿ ಕಂಪನಿಯ ಹೆಸರಿತ್ತು. ಲಕ್ಷಾಂತರ ಜನ ನೋಡಿದರು. 2016ರ ಮಾರ್ಚ್‌ನಲ್ಲಿ 591 ಹಳೇ ಕಾರ್ಮಿಕರ ಜೊತೆ ಕಂಪನಿ ಒಪ್ಪಂದಕ್ಕೆ ಬಂತು. ಹಾಡೊಂದರಿಂದಲೇ ಆಯ್ತು ಅಂದರೆ ತಪ್ಪಾಗುತ್ತೆ, ಕಾರ್ಮಿಕರು ವರ್ಷಗಟ್ಟಲೆ ಕೋರ್ಟು, ಕಚೇರಿ ಅಲೆದಿದ್ದರು. ಆದರೆ ಈ ಸಲ ನಕ್ಕು ಚಿಲ್ಲರೆ ಕೊಟ್ಟು ಹೋಗಲು ಆಗಲಿಲ್ಲ.

ಇನ್ನು ಕುಣಿತವನ್ನೇ ಬೋನಾಗಿ ಇಟ್ಟವನು ಅಮೆರಿಕದ ರ‍್ಯಾಪರ್ ಚೈಲ್ಡಿಶ್ ಗ್ಯಾಂಬಿನೊ. 2018ರ ಮೇ ತಿಂಗಳಲ್ಲಿ ಬಂದ ‘ದಿಸ್ ಈಸ್ ಅಮೆರಿಕ’ ವಿಡಿಯೋ, ನಿರ್ದೇಶನ ಹಿರೋ ಮುರಾಯ್. ದೊಡ್ಡ ಗೋದಾಮು. ಶರ್ಟ್ ಇಲ್ಲದೆ ಅವನು ಹಲ್ಲುಬಿಟ್ಟು ಕುಣಿಯುತ್ತಾ ಬಂದು, ಕುರ್ಚಿಯಲ್ಲಿ ಕೂತವನ ತಲೆಗೆ ಹಿಂದಿನಿಂದ ಗುಂಡು ಹೊಡೆಯುತ್ತಾನೆ. ಒಬ್ಬ ಹುಡುಗ ಓಡಿಬಂದು ಬಂದೂಕನ್ನು ಕೆಂಪು ಬಟ್ಟೆಯಲ್ಲಿ ಜೋಪಾನವಾಗಿ ಇಸ್ಕೊಳ್ಳುತ್ತಾನೆ. ಹೆಣವನ್ನು ಮಾತ್ರ ದರದರ ಎಳೆದುಕೊಂಡು ಹೋಗುತ್ತಾರೆ. ಆಮೇಲೆ ಶಾಲೆ ಯೂನಿಫಾರ್ಮಿನ ಮಕ್ಕಳ ಜೊತೆ ಮತ್ತೆ ಕುಣಿತ. ಮೊದಲ ಸಲ ನಾನು ಕಾಲುಗಳನ್ನೇ ನೋಡುತ್ತಾ ಕೂತಿದ್ದೆ. ಹಿಂದೆ ಜನ ಓಡ್ತಿದ್ದದ್ದು, ಕಾರು ಉರೀತಿದ್ದದ್ದು ಎರಡನೇ ಸಲ ಕಂಡಿತು. ಮರುವರ್ಷ ನಾಲ್ಕು ಗ್ರ್ಯಾಮಿ ಬಂತು. ಪ್ರಶಸ್ತಿ ಕೊಟ್ಟು ಕಳಿಸೋದು ಇಪ್ಪತ್ತು ರೂಪಾಯಿ ಕೊಟ್ಟ ಹಾಗೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ ಅನ್ನಲು ನನಗೂ ಧೈರ್ಯವಿಲ್ಲ.

ಬಣ್ಣವೇ ಬೇಡ ಅನ್ನೋದಾದರೆ ಟಿ.ಎಂ. ಕೃಷ್ಣ ಅವರು 2017ರಲ್ಲಿ ಚೆನ್ನೈ ಹತ್ತಿರದ ಎಣ್ಣೂರಿನ ಹಿನ್ನೀರಿನ ಬಳಿ ಕೂತು ಹಾಡಿದ ಪೊರಂಬೋಕು ಹಾಡನ್ನು ನೋಡಿ. ಸುತ್ತ ವಿದ್ಯುತ್ ಸ್ಥಾವರದ ಚಿಮಣಿಗಳು, ಬೂದಿ. ಶುದ್ಧ ಕರ್ನಾಟಕ ಸಂಗೀತ, ಮಾತು ಮಾತ್ರ ಚೆನ್ನೈ ಬೀದಿಯದು. ಎಲ್ಲರಿಗೂ ಸೇರಿದ ಜಾಗಕ್ಕಿದ್ದ ಹೆಸರು ಬೈಗುಳ ಆಗಿಹೋದ ಕಥೆ. ಸರ್ಕಾರಿ ಜಾಗಕ್ಕೆ ನಮ್ಮಲ್ಲಿ ಪೈಸಾರಿ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. 2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಜಗಳ ಇದ್ದದ್ದೇ ಅದರ ಮೇಲೆ. ಇದು ಕಾಡಾ, ಪೈಸಾರಿಯಾ? ಪೈಸಾರಿ ಬಗ್ಗೆ ನಮ್ಮ ಹುಡುಗರು ಯಾರಾದರೂ ಹಾಡು ಮಾಡಲಿ ಅಂತ ನನಗೆ ಆಸೆ. ಡ್ರೋನ್ ಬಾಡಿಗೆಗೆ ತಂದರೂ ನನ್ನ ತಕರಾರಿಲ್ಲ.

ಈಗ ನಿಮ್ಮ ಮೊಮ್ಮಗಳ ಹಾಡು. ಎಂಜಾಮಿ ಅಂದರೆ ‘ಎನ್ ಸಾಮಿ’, ನನ್ನ ಸ್ವಾಮಿ. ಐದು ಮರ ಬೆಳೆಸಿದೆ, ಚೆಂದದ ತೋಟ ಮಾಡಿದೆ, ತೋಟ ಸೊಂಪಾದರೂ ನನ್ನ ಗಂಟಲು ಒದ್ದೆಯಾಗಲಿಲ್ಲ ಅಂತ ಒಂದು ಕಡೆ ಬರುತ್ತೆ. ಕಾಫಿ ಗಿಡದ ನಡುವೆ ಬೆಳೆಯೋ ಮಗುವಿಗೆ ಇದನ್ನು ಬಿಡಿಸಿ ಹೇಳೋದು ಕಷ್ಟವೇನಲ್ಲ. ಬರೆದವರು ತಮಿಳು ರ‍್ಯಾಪರ್ ಅರಿವು. ಅವರ ಹಿರಿಯರು ಶ್ರೀಲಂಕಾದ ಟೀ ತೋಟಗಳಲ್ಲಿ ದುಡಿದು ವಾಪಸ್ ಬಂದವರು. ದೂರದ ಕಥೆ ಅನಿಸಿದರೆ ಸಂಪಾಜೆ ಘಾಟಿ ಇಳಿದು ಸುಳ್ಯದ ರಬ್ಬರ್ ತೋಟಗಳಿಗೆ ಹೋಗಿ. ಭಾರತ ಮತ್ತು ಶ್ರೀಲಂಕಾ ನಡುವಿನ 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ನಂತರ ಹಾಗೇ ಬಂದ ಕುಟುಂಬಗಳು ಅಲ್ಲಿವೆ. ಮಾರಾಟದ ಮಾತಿಗೆ ಬಂದರೆ, ಕೋಟಿಗಟ್ಟಲೆ ಸಲ ನೋಡಿದ ಈ ಹಾಡಿನಿಂದ ತಮಗೆ ಒಂದು ಪೈಸೆ ಬಂದಿಲ್ಲ ಅಂತ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ 2024ರಲ್ಲಿ ಹೇಳಿದರು.

2021ರಲ್ಲಿ ಒಂದು ದೊಡ್ಡ ಪತ್ರಿಕೆ ಈ ಹಾಡಿನ ಗಾಯಕಿ ಧೀ ಅವರನ್ನು ಮುಖಪುಟಕ್ಕೆ ಹಾಕಿ ಅರಿವು ಅವರನ್ನು ಬಿಟ್ಟಿತ್ತು. ಜೋರು ಗಲಾಟೆ ಆಯ್ತು. ಆಗ ನಾನೂ ಸಿಟ್ಟಾಗಿದ್ದೆ. ಹೋದ ಸಂಚಿಕೆಯ ಲೇಖನದಲ್ಲಿ ನಾವೂ ಧೀ ಹೆಸರೊಂದನ್ನೇ ಹಾಕಿದ್ದೇವೆ. ನೀವು ಕೆಂಪು ಪೆನ್ನಲ್ಲಿ ಗೀಟು ಎಳೆದು ಕಳಿಸಿದ ಪುಟ ನನ್ನ ಮೇಜಿನ ಮೇಲಿದೆ. ತಿದ್ದುಪಡಿ: ಹಾಡು ಬರೆದು, ಜೊತೆಗೆ ಹಾಡಿದವರು ಅರಿವು. ವಿಡಿಯೋದಲ್ಲಿ ಕಾಣುವ ಅಜ್ಜಿ ಅವರದೇ ಅಜ್ಜಿ, ಹೆಸರು ವಳ್ಳಿಯಮ್ಮಾಳ್.